ಅಗೆದ ಮಣ್ಣಿನ ಲೆಕ್ಕ

ವಾಸ್ತುಶಿಲ್ಪಿಯು ಪರರಿಗಾಗಿ ರಚಿಸಿದ ಮನೆಯಲ್ಲಿ ದೋಷ ಕಂಡುಬಂದರೆ ಅದನ್ನು ಯಜಮಾನನ ಹಠದ ಮೇಲೋ, ಹಣದ ಅಭಾವದ ಮೇಲೋ, ಮೇಸ್ತ್ರಿಯ ಅಜ್ಞಾನದ ಮೇಲೋ ಹೊರಿಸಿ ಕೈತೊಳೆದುಕೊಳ್ಳಬಹುದು. ತನಗಾಗಿ ತಾನೇ ಕಟ್ಟಿಕೊಂಡ ಮನೆಯಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಉಪದೇಶಿಸುವವರೂ ಆಚರಿಸುವವರೂ ಒಬ್ಬರೇ. ವ್ರತವನ್ನು ಬೋಧಿಸುವವನು ವ್ರತಿಯೇ ಎಂದು ನೋಡಬೇಕಾದರೆ ಅವನ ಅಡುಗೆಮನೆಗೆ ಹೋಗಬೇಕು ಎಂದು ನನ್ನ ತಂದೆಯವರು ಹೇಳುತ್ತಿದ್ದರು. ಆ ಮಾತನ್ನೇ ಮನಸ್ಸಿನಲ್ಲಿಟ್ಟುಕೊಂಡು ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿರುವ ಒಂದು ಮನೆಯನ್ನು ನೋಡಿಬಂದೆ. ವಾಸ್ತುಶಿಲ್ಪಿ ಶ್ರೀಮತಿ ಚಿತ್ರಾ ವಿಶ್ವನಾಥ್ ಅವರು 1990ರ ದಶಕದಲ್ಲಿ ತಮ್ಮ ಸಂಸಾರಕ್ಕೆಂದು ಕಟ್ಟಿಕೊಂಡ ಮಣ್ಣಿನ ಮನೆ ಅದು. ಅವರ ಪತಿ ಶ್ರೀ ಎಸ್. ವಿಶ್ವನಾಥ್ ಅವರು ಮಳೆನೀರಿನ ವಿಷಯದಲ್ಲಿ ನಾಡೆಲ್ಲ ಬಲ್ಲ ತಜ್ಞರು. ಆದ್ದರಿಂದ ಆ ಮನೆಯ ಗೋಡೆಯಲ್ಲಿ ಒಬ್ಬರ ಬುದ್ಧಿಯೂ ಮಾಡಿನಲ್ಲಿ ಇನ್ನೊಬ್ಬರ ಬುದ್ಧಿಯೂ ಸೇರಿಕೊಂಡಿವೆ ಎನ್ನಬಹುದು.

ಸಿಮೆಂಟು-ಕಬ್ಬಿಣದ ವ್ಯಾಪಾರಿಯಾದ ನನಗೆ ಮಣ್ಣಿನ ಮನೆಯಲ್ಲಿ ಏನು ಕೆಲಸವೆಂದು ಕೊಳ್ಳೇಗಾಲದ ಸ್ನೇಹಿತರು ನಕ್ಕರು. ಕೆಲಸವಿತ್ತು. ನಮ್ಮ ಬಸದಿಯ ವಿಶ್ವಸ್ತ ಮಂಡಳಿಯವರು, ಮಲೆಯೂರಿನ ಕನಕಗಿರಿಗೆ ಹೋಗಿಬರುವ ಯಾತ್ರಿಕರು ತಂಗಲೆಂದು ಒಂದು ಯಾತ್ರಿನಿವಾಸ ಕಟ್ಟಿಸುವ ಆಲೋಚನೆಯಲ್ಲಿದ್ದಾರೆ. ದಾನಿಯೊಬ್ಬರು ಮುಂದೆ ಬಂದಿದ್ದಾರೆ. ನಕ್ಷೆಯೂ ಬಂದಿದೆ: ಕಾಂಕ್ರೀಟಿನ ಕಂಬಗಳು, ಹೊಳೆಯುವ ಕರಿಕಲ್ಲಿನ ನೆಲ, ಮುಂಭಾಗಕ್ಕೆ ಗಾಜು. ಅಂದಾಜುಪಟ್ಟಿಯನ್ನು ಪರಿಶೀಲಿಸುವ ಹೊಣೆ, ಬಿ.ಕಾಂ. ಓದಿದವನೆಂಬ ಕಾರಣಕ್ಕೆ, ನನ್ನ ಪಾಲಿಗೆ ಬಂದಿತು. ಪಟ್ಟಿಯಲ್ಲಿ ಹಣದ ಲೆಕ್ಕ ಸರಿಯಾಗಿತ್ತು. ಬೇರೆ ಯಾವ ಲೆಕ್ಕವೂ ಅಲ್ಲಿರಲಿಲ್ಲ.

ವಿದ್ಯಾರಣ್ಯಪುರದ ಮನೆಯ ಮೊದಲ ವಿಶೇಷ ಗೋಡೆಯದು. ಮನೆಗಾಗಿ ನೆಲವನ್ನು ಅಗೆದಾಗ ಬಂದ ಮಣ್ಣನ್ನು ಹೊರಗೆ ಸಾಗಿಸದೆ, ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಅಚ್ಚೊತ್ತಿ, ಬೆಂಕಿಗೆ ಹಾಕದೆ ನೀರುಣಿಸಿ ಹದಗೊಳಿಸಿದ ಇಟ್ಟಿಗೆಗಳಿಂದ ಅದನ್ನು ಎತ್ತಿದ್ದಾರೆ. ಈ ವಿದ್ಯೆ ನಮ್ಮ ನಾಡಿನದೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ 'ಅಸ್ತ್ರ' ಎಂಬ ಘಟಕವು ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆಯನ್ನು ಹಳ್ಳಿಗಳಿಗೆ ಕೊಟ್ಟದ್ದು ಹಿರಿಯರಿಗೆ ನೆನಪಿರಬಹುದು. ಅದೇ ಘಟಕದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಮಣ್ಣಿನ ಇಟ್ಟಿಗೆಯನ್ನು ಕೈಯಿಂದಲೇ ಒತ್ತುವ ಯಂತ್ರವನ್ನು ರೂಪಿಸಿ, ಎಂಥ ಮಣ್ಣಿಗೆ ಎಷ್ಟು ಸಿಮೆಂಟು ಬೇಕೆಂಬುದನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಸುಟ್ಟ ಇಟ್ಟಿಗೆಯ ಗೋಡೆಗೆ ವ್ಯಯವಾಗುವ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಈ ಗೋಡೆಗೆ ಸಾಕೆಂಬುದು ಅವರ ಲೆಕ್ಕದಿಂದ ತಿಳಿದುಬರುತ್ತದೆ.

ವ್ಯಾಪಾರಿಯ ಚಪಲದಿಂದ ನಾನೂ ಒಂದು ಲೆಕ್ಕ ಹಾಕಿದೆ. 20 ಅಡಿ ಅಗಲ, 30 ಅಡಿ ಉದ್ದ, 7 ಅಡಿ ಆಳದ ಗುಂಡಿಯೊಂದನ್ನು ತೆಗೆಯಿರಿ. ಮೇಲಿನ ಒಂದು ಅಡಿ ಸಾರವತ್ತಾದ ಮಣ್ಣನ್ನು ತೋಟಕ್ಕೆ ಬಿಡಿ. ಉಳಿಯುವುದು 3,600 ಘನ ಅಡಿ. 230, 190, 100 ಮಿಲಿಮೀಟರ್ ಅಳತೆಯ ಇಟ್ಟಿಗೆಯಾದರೆ, ಪೋಲಾದದ್ದನ್ನು ಕಳೆದು, 20,000ಕ್ಕೆ ಮೋಸವಿಲ್ಲ. ಒಂದು ಸಾಧಾರಣ ಎರಡಂತಸ್ತಿನ ಮನೆಯ ಗೋಡೆಗಳಿಗೆ ಅಷ್ಟು ಸಾಕು. ಇಲ್ಲವಾದರೆ ಅದೇ ಮಣ್ಣು ಹದಿನೈದು-ಇಪ್ಪತ್ತು ಟಿಪ್ಪರ್‌ಗಳಲ್ಲಿ ಊರಾಚೆಯ ಯಾವುದೋ ಕೆರೆಯಂಗಳಕ್ಕೆ ಹೋಗಿ ಬೀಳುತ್ತದೆ. ಇನ್ನೊಂದು ಕೆರೆಯಂಗಳದ ಮಣ್ಣು ಇಟ್ಟಿಗೆಗೂಡಿನಲ್ಲಿ ಬೆಂದು ನಮ್ಮ ನಿವೇಶನಕ್ಕೆ ಬರುತ್ತದೆ. ಎರಡು ಕಡೆ ಅಗೆತ, ಎರಡು ಕಡೆ ಸಾಗಣೆ, ನಡುವೆ ಒಂದು ಅಗ್ನಿಕುಂಡ. ನಾವು ಇದನ್ನೇ ವಾಡಿಕೆಯೆಂದು ಕರೆಯುತ್ತೇವೆ.

ಆದರೆ 'ಮಣ್ಣಿನ ಮನೆ' ಎಂಬ ಹೆಸರಿನಲ್ಲಿಯೂ ಕೊಂಚ ಉತ್ಪ್ರೇಕ್ಷೆಯಿದೆ ಎಂಬುದನ್ನು ಹೇಳಲೇಬೇಕು. ಮೇಲೆ ಹೇಳಿದ 20,000 ಇಟ್ಟಿಗೆಗಳು ತಲಾ 8 ಕಿಲೋ ತೂಗಿದರೆ, ನೂರಕ್ಕೆ 7ರಂತೆ ಸಿಮೆಂಟು ಬೆರೆಸಿದರೆ, 220 ಚೀಲಕ್ಕಿಂತ ಹೆಚ್ಚು ಸಿಮೆಂಟು ಗೋಡೆಯಲ್ಲೇ ಅಡಗಿರುತ್ತದೆ. ಆ ಸಿಮೆಂಟು ಸುಮಾರು 1450 ಡಿಗ್ರಿ ಶಾಖದ ಕುಲುಮೆಯಿಂದ ಬಂದದ್ದು. ಯಳಂದೂರಿನಲ್ಲಿದ್ದ ನಮ್ಮ ಅಜ್ಜನವರ ತೊಟ್ಟಿಮನೆಯ ಗೋಡೆ ಬರಿಯ ಕೆಮ್ಮಣ್ಣಿನದು. 1984ರಲ್ಲಿ ಅದನ್ನು ನಾನೇ ಕೆಡವಿಸಿದೆ, ಆಗ ಅದು ಅಭಿವೃದ್ಧಿಯೆಂದು ತೋರಿತ್ತು. ಗೋಡೆಯ ಮಣ್ಣನ್ನು ಗಾಡಿಯಲ್ಲಿ ಹೇರಿ ಗದ್ದೆಗೆ ಹೊಡೆಸಿದೆವು. ಆ ವರ್ಷ ಭತ್ತ ಚೆನ್ನಾಗಿ ಬಂದಿತೆಂದು ನಮ್ಮ ಗದ್ದೆ ಮಾಡುತ್ತಿದ್ದವರು ಹೇಳಿದರು. ಸಿಮೆಂಟು ಕುಡಿದ ಇಟ್ಟಿಗೆಯು ಹಾಗೆ ಮರಳಿ ಹೊಲದ ಮಣ್ಣಾಗಲಾರದು. ನಾಲ್ಕು ಮಳೆಗಾಲಕ್ಕೆ ಕರಗದಿರಲೆಂದು ಬೆರೆಸಿದ್ದು ನಾನೂರು ಮಳೆಗಾಲಕ್ಕೂ ಕರಗದಂತೆ ಮಾಡಿದರೆ ಅದಕ್ಕೂ ಒಂದು ಋಣವುಂಟು.

ಇಲ್ಲಿ ನಮ್ಮ ಶಾಸ್ತ್ರದ ಮಾತೊಂದು ಅಡ್ಡಬರುತ್ತದೆ. ಶ್ರಾವಕನು ವರ್ಜಿಸಬೇಕಾದ ಹದಿನೈದು ಕಠಿಣ ಜೀವಿಕೆಗಳನ್ನು ಆಚಾರ್ಯ ಹೇಮಚಂದ್ರರು ಯೋಗಶಾಸ್ತ್ರದಲ್ಲಿ ವಿವರಿಸಿದ್ದಾರೆ. ನಮ್ಮ ದಿಗಂಬರ ಪರಂಪರೆಯಲ್ಲಿ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇವನ್ನೇ ಖರಕರ್ಮಗಳೆಂಬ ಹೆಸರಿನಿಂದ ಚರ್ಚಿಸಿದ್ದಾರೆ. ಅವುಗಳಲ್ಲಿ ಮೊದಲನೆಯದು ಅಂಗಾರಜೀವಿಕೆ. ಇದ್ದಿಲು ಸುಡುವುದು ಮಾತ್ರವಲ್ಲ, ಇಟ್ಟಿಗೆ ಸುಡುವುದೂ ಅದರಲ್ಲಿ ಸೇರಿದೆ. ಇಷ್ಟಕ್ಕೇ ನಿಲ್ಲಿಸಿದರೆ ಮಣ್ಣಿನ ಮನೆ ಗೆದ್ದಂತಾಯಿತು. ಆದರೆ ಅದೇ ಪಟ್ಟಿಯಲ್ಲಿ ಸ್ಫೋಟಜೀವಿಕೆಯೂ ಇದೆ. ಕೆರೆಬಾವಿ ತೋಡುವುದು, ಕಲ್ಲು ಒಡೆಯುವುದು ಅದರ ವ್ಯಾಪ್ತಿಗೆ ಬರುತ್ತವೆ. ನೆಲ ಅಗೆಯುವುದರಲ್ಲಿ ಪೃಥ್ವೀಕಾಯಿಕ ಜೀವಗಳ ಘಾತವಿದೆ, ಎರೆಹುಳು ಮೊದಲಾದ ತ್ರಸಜೀವಗಳ ಘಾತವೂ ಇದೆ. ಹಾಗಾದರೆ ಗೃಹಸ್ಥನು ಮನೆಯನ್ನೇ ಕಟ್ಟಬಾರದೆ? ಕಟ್ಟಬೇಕು, ಅದು ಆರಂಭೀ ಹಿಂಸೆ, ಅವನಿಗೆ ಅನಿವಾರ್ಯ. ಅನಿವಾರ್ಯವಾದದ್ದನ್ನು ಒಮ್ಮೆ ಮಾಡಿ ಅದರ ಫಲವನ್ನು ಪೂರ್ತಿ ಬಳಸುವುದಕ್ಕೂ, ಎರಡು ಸಲ ಮಾಡಿ ಅರ್ಧವನ್ನು ಎಸೆಯುವುದಕ್ಕೂ ವ್ಯತ್ಯಾಸವಿಲ್ಲವೆನ್ನಲಾಗದು. ನಮ್ಮ ಚಾಮರಾಜನಗರದ ಕರಿಕಲ್ಲಿಗೆ ದೇಶವಿದೇಶಗಳಲ್ಲಿ ಬೆಲೆಯುಂಟು. ಆ ಕಲ್ಲು ಎದ್ದ ಗಣಿಯ ಅಂಚಿನಲ್ಲಿ ನಿಂತು ಒಮ್ಮೆ ಕೆಳಗೆ ನೋಡಿದವರು ಯಾತ್ರಿನಿವಾಸದ ನೆಲಕ್ಕೆ ಅದನ್ನು ಹಾಸುವ ಮುನ್ನ ಎರಡು ಸಲ ಯೋಚಿಸುತ್ತಾರೆ.

ಮನೆಯೊಳಗೆ ಬೀಸಣಿಗೆಯಂತ್ರವಿಲ್ಲ. ಬೆಂಗಳೂರಿನ ಹವೆಗೆ ಅದೇನು ಮಹಾ ಎನ್ನಬಹುದು. ಆದರೆ ಈಚಿನ ಬೇಸಗೆಗಳನ್ನು ಬಲ್ಲವರು ಹಾಗೆನ್ನಲಾರರು. ದಪ್ಪ ಮಣ್ಣಿನ ಗೋಡೆ ಹಗಲಿನ ತಾಪವನ್ನು ಒಳಗೆ ಬಿಡಲು ತಡಮಾಡುತ್ತದೆ, ಬಿಸಿಗಾಳಿ ಮೇಲೇರಿ ಹೊರಹೋಗಲು ದಾರಿಯಿದೆ. ಬೆಳಕು ಮೇಲಿನಿಂದಲೂ ಬರುತ್ತದೆ. ಹಗಲಿನಲ್ಲಿ ದೀಪವುರಿಸದೆ ಕಾಳನ್ನು ಆರಿಸಬಹುದಾದಷ್ಟು ಬೆಳಕು ನಮ್ಮ ಎಷ್ಟು ಹೊಸ ಮನೆಗಳ ಅಡುಗೆಕೋಣೆಯಲ್ಲಿದೆ? ರಾತ್ರಿಭೋಜನ ತ್ಯಾಗದ ಮೂಲದಲ್ಲಿ ಇರುವುದೇ ಕಂಡು ಉಣ್ಣಬೇಕೆಂಬ ನಿಯಮ. ಮಧ್ಯಾಹ್ನವೂ ವಿದ್ಯುದ್ದೀಪ ಬೇಕಾಗುವ ಕೋಣೆಯಲ್ಲಿ ಕುಳಿತು ಸೂರ್ಯಾಸ್ತಕ್ಕೆ ಮೊದಲು ಉಂಡೆವೆಂದು ಸಮಾಧಾನಪಡುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಗೋಡೆಗೆ ಗಾರೆಯಿಲ್ಲ, ಬಣ್ಣವಿಲ್ಲ. ಇಟ್ಟಿಗೆಯ ಸಾಲುಗಳೇ ಕಾಣುತ್ತವೆ. ಮೊದಲ ಹತ್ತು ನಿಮಿಷ ಕೆಲಸ ಅರ್ಧಕ್ಕೆ ನಿಂತಿದೆಯೇನೋ ಎನ್ನಿಸಿತು. ಆಮೇಲೆ ಕಣ್ಣು ಒಗ್ಗಿತು.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ನೀರಿನ ವ್ಯವಸ್ಥೆ. ಬೆಂಗಳೂರು ಕುಡಿಯುವ ಕಾವೇರಿ ನೀರು ನಮ್ಮ ನೆರೆಯ ಶಿವನಸಮುದ್ರದ ಕಡೆಯಿಂದ ತೊರೆಕಾಡನಹಳ್ಳಿಗೆ ಬಂದು, ಅಲ್ಲಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಯಂತ್ರಬಲದಿಂದ ಏರಬೇಕು. 1902ರಲ್ಲಿ ಅದೇ ಜಲಪಾತದಿಂದ ವಿದ್ಯುತ್ತನ್ನು ಪಡೆದೆವು. ಈಗ ಅದೇ ನದಿಯನ್ನು ಮೇಲೆತ್ತಲು ವಿದ್ಯುತ್ತನ್ನು ಸುರಿಯುತ್ತಿದ್ದೇವೆ. ಆ ನಗರದ ಮಾಡುಗಳ ಮೇಲೆ ಮಾತ್ರ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಪುಕ್ಕಟೆಯಾಗಿ ಬೀಳುತ್ತದೆ. 30-40ರ ನಿವೇಶನವೊಂದರ ಮೇಲೆ ಬೀಳುವುದು 1,08,000 ಲೀಟರ್. ಐದನೆಯ ಒಂದು ಪಾಲು ನಷ್ಟವೆಂದು ಕಳೆದರೂ 86,000 ಲೀಟರ್ ಉಳಿಯುತ್ತದೆ. ನಾಲ್ಕು ಜನರ ಸಂಸಾರಕ್ಕೆ ತಲಾ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಪ್ರಮಾಣದಂತೆ ವರ್ಷಕ್ಕೆ ಬೇಕಾದದ್ದು 1,97,000 ಲೀಟರ್. ಅರ್ಧಕ್ಕೆ ಸ್ವಲ್ಪ ಕಡಿಮೆ ಆಕಾಶದಿಂದಲೇ ಬಂದಂತಾಯಿತು. ಬೆಂಗಳೂರಿನಲ್ಲಿ 2009ರಲ್ಲಿ ಮಳೆನೀರು ಸಂಗ್ರಹವನ್ನು ಕಾನೂನಿನಿಂದ ಕಡ್ಡಾಯಗೊಳಿಸಿದರು. ಈ ಮನೆಯವರು ಅದಕ್ಕೆ ಬಹಳ ಮೊದಲೇ ಹಿಡಿದಿಟ್ಟರು. ಬೆಂಗಳೂರಿನಲ್ಲಿ ಹತ್ತು ಲಕ್ಷ ಇಂಗುಬಾವಿಗಳಾಗಬೇಕೆಂಬ ಪ್ರಯತ್ನದಲ್ಲಿಯೂ ಶ್ರೀ ವಿಶ್ವನಾಥ್ ಅವರು ಮುಂದಾಳು. ಪರಂಪರೆಯಿಂದ ಬಾವಿ ತೋಡುತ್ತ ಬಂದ ಮಣ್ಣು ಒಡ್ಡರಿಗೆ ಅದರಿಂದ ಮತ್ತೆ ಕೆಲಸ ಸಿಕ್ಕಿದೆ.

ನಮ್ಮ ಮನೆಗಳಲ್ಲಿ ನೀರನ್ನು ಸೋಸಿ ಕುಡಿಯುವ ನಿಯಮ ಇನ್ನೂ ಉಳಿದಿದೆ, ಸಂತೋಷ. ಆದರೆ ನಿಯಮದ ಇನ್ನೊಂದು ಅರ್ಧವನ್ನು ಎಷ್ಟು ಜನ ಪಾಲಿಸುತ್ತೇವೆ? ಸೋಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅವು ಬಂದ ನೀರಿಗೇ ಎಚ್ಚರಿಕೆಯಿಂದ ಮರಳಿ ಬಿಡಬೇಕು. ನನ್ನ ತಾಯಿ ಬಟ್ಟೆಯನ್ನು ಬಾವಿಯ ನೀರಿನಲ್ಲೇ ತೊಳೆದು ಆ ನೀರನ್ನು ಬಾವಿಗೇ ಇಳಿಸುತ್ತಿದ್ದರು. ನಲ್ಲಿ ಬಂದ ಮೇಲೆ ಮರಳಿಸುವುದೆಲ್ಲಿಗೆ? ಶಿವನಸಮುದ್ರಕ್ಕೆ ಹೋಗಿ ಬಿಡಲಾದೀತೆ? ನೀರಿನ ಮೂಲ ಮನೆಯಂಗಳದಿಂದ ಹೊರಟುಹೋದ ದಿನವೇ ನಮ್ಮ ವ್ರತದ ಅರ್ಧ ಭಾಗ ಹೊರಟುಹೋಯಿತು, ನಾವು ಗಮನಿಸಲಿಲ್ಲ. ಜೈನರಿಗೆಂದು ಕಟ್ಟದ ಈ ಮನೆಯಲ್ಲಿ ಅದನ್ನು ಪಾಲಿಸಲು ಸಾಧ್ಯ, ಬಸದಿಯವರೇ ಕಟ್ಟಿಸಹೊರಟ ಯಾತ್ರಿನಿವಾಸದಲ್ಲಿ ಅಸಾಧ್ಯ.

ಮಾಡಿನ ಮೇಲಿನ ಶೌಚಾಲಯದ ವಿಷಯವನ್ನು ಬರೆಯಬೇಕೋ ಬೇಡವೋ ಎಂದು ಹಿಂಜರಿದೆ. ಬರೆಯದಿದ್ದರೆ ವಿಮರ್ಶೆ ಅಪೂರ್ಣ. ಅದು ನೀರು ಸುರಿಯದ ಒಣ ಶೌಚಾಲಯ. ಮಲ-ಮೂತ್ರಗಳನ್ನು ಬೇರ್ಪಡಿಸಿ, ಮಲವನ್ನು ಬೂದಿಯಂಥ ಒಣಪುಡಿಯಿಂದ ಮುಚ್ಚಿ, ಬಹುಕಾಲ ಕಳಿತ ಮೇಲೆ ಗೊಬ್ಬರವಾಗಿಸುತ್ತಾರೆ. ಸ್ನಾನದ ನೀರನ್ನು ಗಿಡಗಳ ಬೇರಿನಿಂದ ಶುದ್ಧಿಗೊಳಿಸಿ ಅದೇ ಮಾಡಿನ ಮೇಲೆ ಭತ್ತವನ್ನೂ ಬೆಳೆದದ್ದುಂಟು. ನನಗೆ ಮೊದಲು ಜುಗುಪ್ಸೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ನಮ್ಮ ಮುನಿಗಳ ಪ್ರತಿಷ್ಠಾಪನ ಸಮಿತಿ ನೆನಪಾಯಿತು. ಒದ್ದೆಯಿಲ್ಲದ, ಹಸಿರಿಲ್ಲದ, ಜೀವವಿಲ್ಲದ ನೆಲವನ್ನು ನೋಡಿ ವಿಸರ್ಜಿಸಬೇಕೆಂಬುದು ಅದರ ತಾತ್ಪರ್ಯ. ನೀರಿನಿಂದ ಕೊಚ್ಚಿ, ಚರಂಡಿಯಲ್ಲಿ ಕೊಳೆಸಿ, ಕೊನೆಗೆ ಕೆರೆಗೆ ಸೇರಿಸುವ ನಮ್ಮ ಬಿಳಿಯ ಹೊಳಪಿನ ಶೌಚಾಲಯಕ್ಕಿಂತ ಈ ಬೂದಿಯ ಶೌಚಾಲಯ ಆ ಸಮಿತಿಗೆ ಸಮೀಪವಾಗಿದೆ. 135 ಲೀಟರಿನ ಪ್ರಮಾಣದಲ್ಲಿ 45 ಲೀಟರ್ ಶೌಚವನ್ನು ಕೊಚ್ಚಲಿಕ್ಕೇ ಮೀಸಲು. ಅದನ್ನು ಕಳೆದರೆ ಮೇಲೆ ಹೇಳಿದ ಮಳೆನೀರು ಸಂಸಾರದ ಅಗತ್ಯದ ಮೂರರಲ್ಲಿ ಎರಡು ಪಾಲಿಗೆ ಬರುತ್ತದೆ. ಆ ಗೊಬ್ಬರದಿಂದ ಬೆಳೆದ ಧಾನ್ಯ ವ್ರತಿಗಳಿಗೆ ಗ್ರಾಹ್ಯವೇ ಎಂಬುದನ್ನು ತ್ಯಾಗಿಗಳು ನಿರ್ಣಯಿಸಲಿ. ಹೂವಿನ ಗಿಡಗಳಿಗೆ ಹಾಕಲು ನನ್ನ ಆಕ್ಷೇಪವಿಲ್ಲ.

ಹಾಗೆಂದು ಎಲ್ಲವನ್ನೂ ಮೆಚ್ಚಿಬಂದೆನೆಂದು ತಿಳಿಯಬಾರದು. ಜೊತೆಗೆ ಬಂದಿದ್ದ ನನ್ನ ಶ್ರೀಮತಿಯವರು ಗೋಡೆಯ ಸಂದುಗಳನ್ನೇ ನೋಡುತ್ತಿದ್ದರು. ಹೊರಬಂದ ಮೇಲೆ, "ಇದನ್ನು ದಿನಾ ಜೋಪಾನ ಮಾಡೋರು ಯಾರು ಅಂದ್ರೆ?" ಎಂದು ಕೇಳಿದರು. ಗಾರೆಯಿಲ್ಲದ ಗೋಡೆಯಲ್ಲಿ ಜೇಡ ಬಲೆ ಕಟ್ಟುತ್ತದೆ, ಕಣಜ ಗೂಡು ಮಾಡುತ್ತದೆ; ತೆಗೆಯುವುದೂ ಹಿಂಸೆ, ಬಿಡುವುದೂ ಕಷ್ಟ. ಗಾಳಿ ಬರುವ ದಾರಿಯಲ್ಲಿ ಪತಂಗವೂ ಬರುತ್ತದೆ. ಬೂದಿ ಹಾಕುವುದು, ಸೋಸುತೊಟ್ಟಿಯನ್ನು ತೊಳೆಯುವುದು, ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವುದು, ಎಲ್ಲಕ್ಕೂ ಒಬ್ಬರ ಗಮನ ಬೇಕು. ಯತ್ನಾಚಾರವೆಂದು ನಾವು ಕರೆಯುವುದೂ ಇಂಥ ಗಮನವನ್ನೇ. ತಾವೇ ಕಟ್ಟಿ ತಾವೇ ಬಾಳುವವರಲ್ಲಿ ಅದು ಸಹಜವಾಗಿರುತ್ತದೆ. ಸಂಬಳದ ಕಾವಲುಗಾರನೊಬ್ಬನ ಕೈಗೆ ಬೀಗದಕೈ ಕೊಟ್ಟು ವರ್ಷಕ್ಕೊಮ್ಮೆ ಮಂಡಳಿ ಸೇರುವ ಯಾತ್ರಿನಿವಾಸದಲ್ಲಿ ಅದೆಲ್ಲಿಂದ ಬಂದೀತು? ಈ ಪ್ರಶ್ನೆಗೆ ಆ ಮನೆಯಲ್ಲಿ ಉತ್ತರವಿಲ್ಲ, ಇರಬೇಕಾಗಿಯೂ ಇಲ್ಲ.

ಇನ್ನೊಂದು ಸೂಕ್ಷ್ಮವೂ ಉಂಟು. ಪರಿಗ್ರಹ ಪರಿಮಾಣದಲ್ಲಿ ಕ್ಷೇತ್ರದ ಪಕ್ಕದಲ್ಲೇ ವಾಸ್ತುವನ್ನೂ ಎಣಿಸಿದ್ದಾರೆ. ಮನೆ ಮಣ್ಣಿನದೋ ಕಲ್ಲಿನದೋ ಎಂದು ವಿನಾಯಿತಿ ಕೊಟ್ಟಿಲ್ಲ. ಈಗ ಬೆಂಗಳೂರಿನ ಸಿರಿವಂತರು ನಗರದಲ್ಲೊಂದು ಗಾಜಿನ ಮನೆಯಿಟ್ಟುಕೊಂಡು, ವಾರಾಂತ್ಯಕ್ಕೆಂದು ತೋಟದಲ್ಲಿ ಐದು ಕೋಣೆಗಳ ಮಣ್ಣಿನ ಬಂಗಲೆ ಕಟ್ಟಿಸುವುದುಂಟು. ಸರಳತೆಯನ್ನು ಸಂಗ್ರಹಿಸುವುದೂ ಸಂಗ್ರಹವೇ. ವಿದ್ಯಾರಣ್ಯಪುರದ ಮನೆಗೆ ಈ ಮಾತು ತಾಗದು, ಅದು ದಿನನಿತ್ಯದ ವಾಸದ ಮನೆ. ಆದರೆ ಅದನ್ನು ಅನುಕರಿಸುವವರಿಗೆ ತಾಗುತ್ತದೆ. ಇತ್ತ ಮಹದೇಶ್ವರ ಬೆಟ್ಟದ ಸುತ್ತಿನ ಸೋಲಿಗರ ಪೋಡುಗಳಿಗೆ ಹೋಗಿ ನೋಡಿ. ಬಿದಿರಿನ ತಡಿಕೆಗೆ ಮಣ್ಣು ಮೆತ್ತಿ, ಹುಲ್ಲು ಹೊದಿಸಿ, ತಮ್ಮ ಮನೆಗೆ ತಾವೇ ವಾಸ್ತುಶಿಲ್ಪಿಗಳಾಗಿ ತಲೆತಲಾಂತರದಿಂದ ಬಾಳಿದವರು ಅವರು. ಅವರೀಗ ಸರ್ಕಾರದ ಯೋಜನೆಯಲ್ಲಿ ಸಿಮೆಂಟಿನ ಮನೆ ಬಯಸಿದರೆ ನಾವು ಹಳಿಯುವಂತಿಲ್ಲ. ವರ್ಷವರ್ಷ ಹುಲ್ಲು ಹೊದಿಸುವ, ಮಳೆಗೆ ಸೋರುವ ಕಷ್ಟ ಅವರದು. ನಗರದವರು ಆರಿಸಿಕೊಂಡ ಮಣ್ಣಿಗೂ ಬಡವರ ಪಾಲಿಗೆ ಬಂದ ಮಣ್ಣಿಗೂ ನಡುವೆ ಇರುವ ಅಂತರವನ್ನು ತುಂಬುವುದಾದರೆ ಅಸ್ತ್ರದವರ ಇಟ್ಟಿಗೆಯಂಥ ಅಗ್ಗದ, ಗಟ್ಟಿಯಾದ ವಿದ್ಯೆಯೇ ತುಂಬಬೇಕು. ಆ ದೃಷ್ಟಿಯಿಂದ, ಮೇಲೆ ನಾನು ಆಕ್ಷೇಪಿಸಿದ ನೂರಕ್ಕೆ ಏಳರ ಸಿಮೆಂಟನ್ನು ಕ್ಷಮಿಸುತ್ತೇನೆ.

ಸ್ವಂತಕ್ಕೆಂದು ಮನೆ ಕಟ್ಟಿಕೊಂಡ ಇತರ ವಾಸ್ತುಶಿಲ್ಪಿಗಳೂ ಉಂಟು. ಚಾರ್ಲ್ಸ್ ಕೊರಿಯಾ ಅವರು 1980ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನ ಕೋರಮಂಗಲದಲ್ಲಿ ತಮಗಾಗಿ ಕಟ್ಟಿದ ಮನೆಯ ನಡುವೆ ತೆರೆದ ಅಂಗಳವಿದೆ. ನಮ್ಮ ತೊಟ್ಟಿಮನೆಯ ಮಕ್ಕಳಿಗೆ ಅದರ ನಕ್ಷೆ ನೋಡಿದೊಡನೆ ಗುರುತು ಹತ್ತುತ್ತದೆ. ತಿರುವನಂತಪುರದ ನಾಲಾಂಚಿರದಲ್ಲಿ ಲಾರಿ ಬೇಕರ್ ಅವರು 'ಹ್ಯಾಮ್ಲೆಟ್' ಎಂಬ ತಮ್ಮ ಮನೆಯನ್ನು ಬಂಡೆಯ ಇಳಿಜಾರಿನ ಮೇಲೆ ಬಂಡೆಯನ್ನು ಒಡೆಯದೆ, ಹಳೆಯ ಮರ-ಹೆಂಚುಗಳನ್ನು ಬಳಸಿ, ಒಂದೊಂದೇ ಕೋಣೆಯಾಗಿ ಬೆಳೆಸುತ್ತ ಹೋದರು. 2007ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಬಾಳಿದರು. ಮನೆಗೆ ಬೇಕಾದ ಸಾಮಗ್ರಿ ಐದು ಮೈಲಿಯ ಒಳಗೇ ಸಿಗಬೇಕೆಂದು ಗಾಂಧೀಜಿ ತಮಗೆ ಹೇಳಿದ್ದನ್ನು ಬೇಕರ್ ನೆನೆಯುತ್ತಿದ್ದರು. ದೇಶಪರಿಮಾಣವನ್ನು ವ್ರತವಾಗಿ ಬಲ್ಲ ನಾವು ಈ ಮಾತನ್ನು ಹೊರಗಿನವರಿಂದ ಕೇಳಬೇಕಾಯಿತು.

ಊರಿಗೆ ಮರಳಿ ಮಂಡಳಿಯ ಸಭೆಯಲ್ಲಿ ಎರಡು ಸಲಹೆಗಳನ್ನಿಟ್ಟೆ. ಕರಿಕಲ್ಲಿನ ನೆಲ ಬೇಡ. ಅಗೆದ ಮಣ್ಣನ್ನು ಗೋಡೆಗೆ ಬಳಸಿ, ಮಾಡಿನ ನೀರನ್ನು ಬಾವಿಗೆ ಇಳಿಸಿ. ನಮ್ಮ ಕಡೆ ಮಳೆ ವರ್ಷಕ್ಕೆ 700 ಮಿಲಿಮೀಟರ್ ಎಂದೇ ಹಿಡಿದರೂ 2,000 ಚದರಡಿ ಮಾಡಿನ ಮೇಲೆ 1,30,000 ಲೀಟರ್ ಬೀಳುತ್ತದೆ ಎಂಬ ಲೆಕ್ಕವನ್ನೂ ಕೊಟ್ಟೆ. "ದಾನಿಗಳು ಮುಂಭಾಗ ನೋಡ್ತಾರೆ, ಮಣ್ಣು ನೋಡಲ್ಲ" ಎಂದು ಹಿರಿಯರೊಬ್ಬರು ಹೇಳಿದರು. ಅವರ ಮಾತು ಸುಳ್ಳಲ್ಲ. ಒಣ ಶೌಚಾಲಯದ ವಿಚಾರವನ್ನು ಎತ್ತುವ ಧೈರ್ಯ ನನಗಾಗಲಿಲ್ಲ. ಸಿಮೆಂಟನ್ನು ನನ್ನ ಅಂಗಡಿಯಿಂದ ತೆಗೆದುಕೊಳ್ಳಬಾರದೆಂದು ಮಾತ್ರ ಬರೆದುಕೊಟ್ಟೆ. ಅದಾದ ಮೇಲೆ ನನ್ನ ಮಾತಿಗೆ ಸ್ವಲ್ಪ ಕಿವಿಗೊಟ್ಟರು. ಮಣ್ಣು ಯೋಗ್ಯವಾಗಿದ್ದರೆ ನೋಡೋಣವೆಂದು ಸಭೆ ಮುಗಿಯಿತು.

ನಿವೇಶನದ ಮಣ್ಣನ್ನು ಮೂರು ಕಡೆ, ಮೂರಡಿ ಆಳದಿಂದ ತೆಗೆಸಿ, ಗಾಜಿನ ಶೀಷೆಗಳಲ್ಲಿ ನೀರು ಬೆರೆಸಿ ಕುಲುಕಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟಿದ್ದೇನೆ. ಮರಳು ಮೊದಲು ತಳಕ್ಕೆ ಕೂರುತ್ತದೆ, ಅದರ ಮೇಲೆ ಮೆಕ್ಕಲು, ಕಟ್ಟಕಡೆಗೆ ಜೇಡಿ. ಇಂಥ ಇಟ್ಟಿಗೆಗೆ ಮೂರರಲ್ಲಿ ಎರಡು ಪಾಲಿನಷ್ಟು ಮರಳಿರುವ ಕೆಮ್ಮಣ್ಣು ಒಳ್ಳೆಯದು, ಎರೆಮಣ್ಣು ಆಗದು. ಎರಡು ಶೀಷೆಗಳಲ್ಲಿ ಮರಳು ಸಾಕಷ್ಟಿದೆ. ಮೂರನೆಯದರಲ್ಲಿ, ಬಾವಿಯ ಕಡೆಯ ಮಣ್ಣಿನಲ್ಲಿ, ಜೇಡಿ ಹೆಚ್ಚು. ನೀರು ಇನ್ನೂ ತಿಳಿಯಾಗಿಲ್ಲ.